ಸೈಕ್ಲಿಕಲ್ ಕೀಟೋದಲ್ಲಿ ಯಾವ ಸಪ್ಲಿಮೆಂಟ್ ನಿಜಕ್ಕೂ ಬೇಕು?

ವಾರಕ್ಕೆ 5 ದಿನ ಕೀಟೋ (ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಊಟ), ಶನಿವಾರ ಮತ್ತು ಭಾನುವಾರ ಅನ್ನ ಎಂಬ ಕ್ರಮದಲ್ಲಿ ದೇಹದಾರ್ಢ್ಯ ಬೆಳೆಸುವವರು ಮೊದಲು ಗಮನಿಸಬೇಕಾದದ್ದು ದುಬಾರಿ ಡಬ್ಬಿಗಳನ್ನಲ್ಲ, ಅಡುಗೆಮನೆಯ ಉಪ್ಪನ್ನು. ಕಾರ್ಬೋಹೈಡ್ರೇಟ್ ದಿನಕ್ಕೆ 50 ಗ್ರಾಂಗಿಂತ ಕಡಿಮೆಯಾದಾಗ ಇನ್ಸುಲಿನ್ ತಗ್ಗಿ, ಮೂತ್ರಪಿಂಡಗಳು ಸೋಡಿಯಂ ಮತ್ತು ನೀರನ್ನು ಹೆಚ್ಚಾಗಿ ಹೊರಹಾಕುತ್ತವೆ. ಸ್ಕ್ವಾಟ್ ಮುಗಿಸಿ ಎದ್ದಾಗ ಬರುವ ತಲೆಸುತ್ತಿಗೆ ಹಲವು ಬಾರಿ ಇದೇ ಕಾರಣ. ಉಪ್ಪು ಬೆರೆಸಿದ ನಿಂಬೆ ನೀರು ಸಾಕಾಗುತ್ತದೆ, ಆದರೆ ರಕ್ತದೊತ್ತಡ ಅಥವಾ ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುವವರು ಈ ಪಥ್ಯಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ಸ್ನಾಯುಗಳಿಗೆ ತ್ವರಿತ ಶಕ್ತಿ ಒದಗಿಸಲು ನೆರವಾಗುವ ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ಸಾಕು. ಪ್ರೋಟೀನ್ ದೇಹತೂಕದ ಪ್ರತಿ ಕಿಲೋಗೆ 1.6ರಿಂದ 2.2 ಗ್ರಾಂ ಸಿಗುತ್ತಿದ್ದರೆ ಬಿಸಿಎಎ ಪುಡಿ (ಪ್ರೋಟೀನಿನಲ್ಲೇ ಇರುವ ಮೂರು ಅಮೈನೋ ಆಮ್ಲಗಳ ಸಪ್ಲಿಮೆಂಟ್), ನನ್ನ ಮಟ್ಟಿಗೆ, ದಂಡದ ಖರ್ಚು. ವಾರಾಂತ್ಯದಲ್ಲಿ ಬಸವನಗುಡಿಯ ಬೆಣ್ಣೆ ದೋಸೆಗಿಂತ (ಆಸೆ ಅರ್ಥವಾಗುತ್ತದೆ) ಕೊಬ್ಬು ಕಡಿಮೆಯಿರುವ ಅನ್ನ, ರಾಗಿ ಮುದ್ದೆ, ಬೇಯಿಸಿದ ಗೆಣಸು ಮೇಲು. ಸೋಮವಾರ ತೂಕ ಏರಿದರೆ ಗಾಬರಿ ಬೇಡ: ಸ್ನಾಯುವಿನಲ್ಲಿ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಕಾರ್ಬೋಹೈಡ್ರೇಟ್) ಜೊತೆಗೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ.