ಬಾರ್ಸಿಲೋನಾ ಬಿಟ್ಟು ಕ್ಯಾಟಲೋನಿಯಾದಲ್ಲಿ ಎರಡು ದಿನ ಎಲ್ಲಿಗೆ ಹೋಗಬಹುದು?

ಅದು ನೀವು ಹೋಗೋ ತಿಂಗಳ ಮೇಲೆ ನಿಂತಿದೆ. ಜನವರಿಯಿಂದ ಮಾರ್ಚ್ ಒಳಗಾದರೆ ಕಣ್ಣು ಮುಚ್ಚಿಕೊಂಡು ವಾಲ್ಸ್ ಊರಿಗೆ ಹೋಗಿ. ಅಲ್ಲಿ 'ಕಾಲ್ಸೊಟ್' ಅಂತ ಉದ್ದನೆಯ ಈರುಳ್ಳಿ ಬೆಳೀತಾರೆ. ಅದನ್ನ ದ್ರಾಕ್ಷಿ ಬಳ್ಳಿಯ ಒಣ ಕಡ್ಡಿಗಳ ಬೆಂಕಿಯಲ್ಲಿ ಕರಕಲಾಗುವಷ್ಟು ಸುಟ್ಟು, ಪೇಪರಿನಲ್ಲಿ ಸುತ್ತಿಟ್ಟು, ಚಾವಣಿಗೆ ಹೊದಿಸೋ ಹೆಂಚಿನ ಮೇಲೆ ತಂದುಕೊಡ್ತಾರೆ. ಮೇಲಿನ ಕಪ್ಪು ಸಿಪ್ಪೆ ಎಳೆದು ಬಾದಾಮಿ, ಟೊಮೆಟೊ, ಒಣ ಮೆಣಸಿನಕಾಯಿಯ ಗಟ್ಟಿ ಚಟ್ನಿಯಂಥ ಸಾಸ್‌ನಲ್ಲಿ ಅದ್ದಿ, ತಲೆ ಮೇಲೆತ್ತಿ ಬಾಯಿಗೆ ಇಳಿಸಬೇಕು. ಕೈಯೆಲ್ಲ ಮಸಿ ಆಗುತ್ತೆ, ಬಿಳಿ ಶರ್ಟ್ ಮಾತ್ರ ಬೇಡ!

ಆಮೇಲೆ ಬರೋದು ಜಾಸ್ತಿ ಮಾಂಸವೇ. ಸಸ್ಯಾಹಾರಿಗಳು 'ಎಸ್ಕಲಿವಾದಾ' ಕೇಳಿ, ಸುಟ್ಟ ಬದನೆಕಾಯಿ, ದಪ್ಪ ಮೆಣಸಿನಕಾಯಿ ಅಷ್ಟೇ.

ಮಾನವ ಗೋಪುರ ಕಟ್ಟುವ 'ಕಾಸ್ಟೆಲ್' ಸಂಪ್ರದಾಯದ ತವರೂ ವಾಲ್ಸೇ. ತುದಿಗೆ ಹತ್ತೋದು ಪುಟ್ಟ ಮಗು, ಮೇಲೆ ಕೈ ಎತ್ತಿದರೆ ಗೋಪುರ ಪೂರ್ತಿಯಾದ ಹಾಗೆ. 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಇದನ್ನ ನೋಡೋಕೆ ಅಕ್ಟೋಬರ್‌ನ ಸಾಂತಾ ಉರ್ಸುಲಾ ಹಬ್ಬ ಒಳ್ಳೇದು.

ಹಬ್ಬ, ಗದ್ದಲ ಬೇಡ, ಸುಮ್ನೆ ಹಳ್ಳಿ ಕಡೆ ಓಡಾಡಬೇಕು ಅಂದ್ರೆ ಒಲೊಟ್ ಊರಿನ ಸುತ್ತಲಿನ ಗರೋಚಾ ಅನ್ನೋ ಜ್ವಾಲಾಮುಖಿ ಪ್ರದೇಶಕ್ಕೆ ಹೋಗಿ. ತಣ್ಣಗಾದ ಲಾವಾ ಮೇಲೇ ಬೀಚ್ (beech) ಅನ್ನೋ ಜಾತಿಯ ಮರಗಳ ಕಾಡು ಬೆಳೆದಿದೆ. ಒಲೊಟ್‌ಗೆ ರೈಲಿಲ್ಲ, ಬಸ್ಸೋ ಕಾರೋ ನೋಡ್ಕೊಳ್ಳಿ.