ಹೆಸರು ಒಂದೇ, ಪಿನ್ನು ಬೇರೆ: ಹಳೆಯ ಚೈನ್‌ಸಾಗೆ ಸರಿಯಾದ ಬಿಡಿಭಾಗ ಹುಡುಕುವ ಬಗೆ

ಪ್ರಶ್ನೆ: ನನ್ನ ಬಳಿ ಸ್ಟಿಲ್ 044 ಮಾದರಿಯ ಹಳೆಯ ಚೈನ್‌ಸಾ ಇದೆ. ಪಿಸ್ಟನ್ನಿಗೆ ಗೀರು ಬಿದ್ದು ಕಂಪ್ರೆಷನ್ ಹೋಗಿದ್ದರಿಂದ, ‘044ಕ್ಕೆ ಹೊಂದುತ್ತದೆ’ ಎಂದು ಬರೆದಿದ್ದ 50 ಮಿ.ಮೀ. ಪಿಸ್ಟನ್ ತರಿಸಿದೆ. ಸಿಲಿಂಡರಿನಲ್ಲಿ ಅದು ಸರಿಯಾಗಿ ಕೂರುತ್ತದೆ, ಆದರೆ ಅದರ ಪಿನ್ನು ಕನೆಕ್ಟಿಂಗ್ ರಾಡಿನ ಬೇರಿಂಗಿನೊಳಗೆ ತೂರುತ್ತಲೇ ಇಲ್ಲ. ಮಾರಿದವರು ತಪ್ಪು ಮಾಲು ಕಳಿಸಿದರೇ? ತರಿಸುವ ಮೊದಲೇ ಸರಿಯಾದ ಭಾಗವನ್ನು ಗುರುತಿಸುವುದು ಹೇಗೆ?

ಉತ್ತರ: ಮಾರಿದವರು ಬರೆದದ್ದು ಸುಳ್ಳಲ್ಲ, ಅರ್ಧ ಸತ್ಯ. 044ರ ಆರಂಭದ ಯಂತ್ರಗಳಲ್ಲಿ ಪಿಸ್ಟನ್ ಪಿನ್ನು 10 ಮಿ.ಮೀ. ದಪ್ಪದ್ದಾಗಿತ್ತು, ನಂತರದ ಯಂತ್ರಗಳಲ್ಲಿ ಅದು 12 ಮಿ.ಮೀ. ಆಯಿತು. ಎರಡರಲ್ಲೂ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸರಿಯುವ ದೂರ) 36 ಮಿ.ಮೀ., ಸಾಮರ್ಥ್ಯ ಸುಮಾರು 70.7 ಸಿ.ಸಿ. ಮುಚ್ಚಳದ ಮೇಲಿನ ಹೆಸರೂ ಒಂದೇ. ನಿಮ್ಮ ಗರಗಸದ ಕ್ರ್ಯಾಂಕ್ (ಕನೆಕ್ಟಿಂಗ್ ರಾಡ್ ಸೇರಿಕೊಂಡಿರುವ, ತಿರುಗುವ ದಂಡ) 10 ಮಿ.ಮೀ. ಪಿನ್ನಿನ ಕಾಲದ್ದು, ಕೈಗೆ ಬಂದಿರುವ ಪಿಸ್ಟನ್ ಮಾತ್ರ ನಂತರದ ಕಾಲದ್ದು. ಪಿಸ್ಟನ್ನಿನ ತೂತಿಗಾಗಲಿ ಬೇರಿಂಗಿಗಾಗಲಿ ಅರ ಹಚ್ಚುವ ಯೋಚನೆ ಬಂದಿದ್ದರೆ ದಯವಿಟ್ಟು ಕೈಬಿಡಿ. ಪಿಸ್ಟನ್ ಹಿಂದಿರುಗಿಸಿ, 10 ಮಿ.ಮೀ. ಪಿನ್ನಿನದನ್ನೇ ಕೇಳಿ ತರಿಸಿಕೊಳ್ಳಿ.

ಮಾದರಿಯ ಹೆಸರು ಹುಡುಕಾಟವನ್ನು ಆರಂಭಿಸಲು ಸಾಕು, ಹಣ ಕಳಿಸಲು ಸಾಲದು. ಪಿಸ್ಟನ್ನನ್ನು ಆರಿಸಬೇಕಾದದ್ದು ಮುಚ್ಚಳದ ಮೇಲಿನ ಹೆಸರನ್ನು ನೋಡಿ ಅಲ್ಲ, ಒಳಗಿರುವ ಸಿಲಿಂಡರ್ ಮತ್ತು ಕ್ರ್ಯಾಂಕ್ ನೋಡಿ. ಹತ್ತಾರು ವರ್ಷ ದುಡಿದ ಯಂತ್ರದಲ್ಲಿ ಯಾರೋ ಒಮ್ಮೆ ಕ್ರ್ಯಾಂಕ್ ಬದಲಿಸಿದ್ದರೆ, ಸರಣಿ ಸಂಖ್ಯೆಯಿಂದ ತಯಾರಿಯ ವರ್ಷ ಕಂಡುಕೊಂಡರೂ ಪಿನ್ನಿನ ಅಳತೆ ಹೇಳಲಾಗದು. ಆದ್ದರಿಂದ ಹಳೆಯ ಪಿನ್ನನ್ನು ಹೊರತೆಗೆದು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯುವುದೇ ಮೊದಲ ಕೆಲಸ. ಜೊತೆಗೆ ರಿಂಗಿನ ದಪ್ಪ, ಪಿನ್ನಿನ ನಡುವಿನಿಂದ ಪಿಸ್ಟನ್ ನೆತ್ತಿಯವರೆಗಿನ ಎತ್ತರ, ರಿಂಗುಗಳ ತುದಿ ತಿರುಗದಂತೆ ತಡೆಯುವ ಸಣ್ಣ ಮೊಳೆಗಳ ಸ್ಥಾನ, ಇವಿಷ್ಟನ್ನೂ ಬರೆದಿಟ್ಟುಕೊಳ್ಳಿ. ರಿಂಗಿನ ಬಾಯಿ ಪೋರ್ಟಿನ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಯ) ಎದುರಿಗೆ ಬಂದರೆ ತುದಿ ಹೊರಗೆ ಚಿಮ್ಮಿ ಸಿಲಿಂಡರನ್ನೇ ಕೆರೆದುಬಿಡುತ್ತದೆ. ಹೊಸ ಪಿಸ್ಟನ್ನನ್ನು ಜೋಡಿಸುವ ಮೊದಲು ರಿಂಗಿಲ್ಲದೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಸರಿಸಿ, ಆ ಮೊಳೆಗಳು ಯಾವ ಪೋರ್ಟಿನ ಮೇಲೂ ಹಾಯುವುದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳುವುದು ಐದು ನಿಮಿಷದ ಕೆಲಸ.

ಇನ್ನು ಸಂಖ್ಯೆಯ ವಿಚಾರ. ಸ್ಟಿಲ್ ಬಿಡಿಭಾಗದ ಸಂಖ್ಯೆಯಲ್ಲಿ 11 ಅಂಕೆಗಳಿದ್ದು, ಅವನ್ನು ನಾಲ್ಕು, ಮೂರು, ನಾಲ್ಕು ಎಂದು ಬಿಡಿಸಿ ಬರೆಯುತ್ತಾರೆ. ಮೊದಲ ನಾಲ್ಕು ಅಂಕೆ ಆ ಭಾಗವನ್ನು ಮೊದಲು ಯಾವ ಯಂತ್ರಕುಟುಂಬಕ್ಕಾಗಿ ರೂಪಿಸಿದರೆಂಬುದನ್ನು ಹೇಳುತ್ತದೆ: 044 ಮತ್ತು 046ಕ್ಕೆ 1128, 034 ಮತ್ತು 036ಕ್ಕೆ 1125, ಹಳೆಯ 070 ಮತ್ತು 090ಕ್ಕೆ 1106. ನಡುವಿನ ಮೂರು ಅಂಕೆ ಯಂತ್ರದ ಯಾವ ಅಂಗ ಎಂಬುದನ್ನು ತಿಳಿಸುತ್ತದೆ. 020 ಎಂದರೆ ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್, 030 ಎಂದರೆ ಕ್ರ್ಯಾಂಕ್ ಮತ್ತು ಪಿಸ್ಟನ್, 120 ಕಾರ್ಬೊರೇಟರ್, 400 ಇಗ್ನಿಷನ್, 640 ಆಯಿಲ್ ಪಂಪ್. ನೀವು ಎಡವಿದ ಜಾಗ ಇಲ್ಲಿ ಸ್ಪಷ್ಟವಾಗುತ್ತದೆ. 10 ಮಿ.ಮೀ. ಪಿನ್ನಿನ 50 ಮಿ.ಮೀ. ಪಿಸ್ಟನ್, 12 ಮಿ.ಮೀ. ಪಿನ್ನಿನ 50 ಮಿ.ಮೀ. ಪಿಸ್ಟನ್, 046ರ 52 ಮಿ.ಮೀ. ಪಿಸ್ಟನ್, ಮೂರೂ ‘1128 030’ ಎಂದೇ ಆರಂಭವಾಗುತ್ತವೆ. ಭೇದವೆಲ್ಲ ಕೊನೆಯ ನಾಲ್ಕು ಅಂಕೆಗಳಲ್ಲಿದೆ. ಮೊದಲ ಏಳು ಅಂಕೆ ಹೊಂದಿತೆಂದು ಸಮಾಧಾನಪಟ್ಟರೆ ಅರ್ಧ ದಾರಿಯಲ್ಲಿ ನಿಂತಂತೆ.

ಇದಕ್ಕಿಂತ ದುಬಾರಿಯಾಗುವ ತಪ್ಪು 070 ಮತ್ತು 090 ಜೋಡಿಯಲ್ಲಿ ಆಗುತ್ತದೆ. ಇವೆರಡರ ಎಷ್ಟೋ ಭಾಗಗಳು ಅದಲುಬದಲಾಗುವುದರಿಂದ ‘070, 090 ಎರಡಕ್ಕೂ’ ಎಂಬ ಒಕ್ಕಣೆ ಮಾರಾಟದ ಪುಟಗಳಲ್ಲಿ ಸಾಮಾನ್ಯ. ಆದರೆ ಸ್ಟ್ರೋಕ್ ಎರಡಕ್ಕೂ 40 ಮಿ.ಮೀ. ಆಗಿದ್ದರೂ 070ರ ಬೋರ್ 58 ಮಿ.ಮೀ., 137 ಸಿ.ಸಿ.ಯ 090ರ ಬೋರ್ 66 ಮಿ.ಮೀ. ಪಿಸ್ಟನ್, ರಿಂಗ್, ಸಿಲಿಂಡರುಗಳ ಮಟ್ಟಿಗೆ ಆ ಒಕ್ಕಣೆಗೆ ಅರ್ಥವೇ ಇಲ್ಲ. ನಾನಂತೂ ಮಾರುವವರಿಂದ ಕ್ಯಾಲಿಪರ್ ಹಿಡಿದು ತೆಗೆದ ಚಿತ್ರವನ್ನು ಕೇಳದೆ ಯಾವ ಪಿಸ್ಟನ್ನನ್ನೂ ತರಿಸುವುದಿಲ್ಲ. ಚಿತ್ರ ಕೊಡಲು ಬೇಸರಿಸುವವರ ಬಳಿ ವ್ಯವಹಾರವನ್ನೂ ಮುಂದುವರಿಸುವುದಿಲ್ಲ.

ಪಿಸ್ಟನ್ ಬದಲಿಸುವಾಗ ಹಳೆಯ ಸಿಲಿಂಡರನ್ನು ಆತುರಪಟ್ಟು ಎಸೆಯಬೇಡಿ. ಬೋರಿನಲ್ಲಿ ಕಾಣುವ ಗೀರುಗಳು ಎಷ್ಟೋ ಸಲ ಲೇಪನದ ಮೇಲಿನ ಗಾಯವಲ್ಲ, ಪಿಸ್ಟನ್ನಿನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ಹತ್ತಿಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಂಟಿದ ಜಾಗಕ್ಕೆ ಮಾತ್ರ ಮುಟ್ಟಿಸಿ, ನೊರೆ ನಿಂತ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದರೆ ಕೆಳಗಿನ ಗಟ್ಟಿ ಲೇಪನ ಹಾಗೆಯೇ ಉಳಿದಿರುವುದು ಕಾಣಬಹುದು. ಕೈಗವಸು ಮತ್ತು ಗಾಳಿಯಾಡುವ ಜಾಗ ಕಡ್ಡಾಯ. ಆಮ್ಲ ಪೋರ್ಟಿನೊಳಕ್ಕೆ ಹರಿದರೆ ಅಲ್ಲಿನ ಬರಿಯ ಅಲ್ಯೂಮಿನಿಯಂ ಕರಗುತ್ತದೆ. ಶುಚಿಗೊಂಡ ಮೂಲ ಸಿಲಿಂಡರ್, ಅಗ್ಗದ ಹೊಸ ಸಿಲಿಂಡರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಲೇಪನ ಕ್ರೋಮಿನದಾಗಿದ್ದರೆ ಈ ಆಮ್ಲ ಬೇಡ, ಅದು ಕ್ರೋಮನ್ನೂ ಕರಗಿಸುತ್ತದೆ; ಕ್ರೋಮ್ ಮುಖದ ರಿಂಗುಗಳನ್ನೂ ಅದರಲ್ಲಿ ಹಾಕಕೂಡದು.

ಪ್ರಶ್ನೆ: ಹೆಸರಿನ ಫಲಕ ಕಳಚಿಹೋಗಿರುವ ಹಸ್ಕ್‌ವರ್ನಾ ಗರಗಸವೊಂದನ್ನು ಕೊಂಡಿದ್ದೇನೆ. ಮೇಲಿನ ಮುಚ್ಚಳದಲ್ಲಿ 61 ಎಂದಿದೆ, ಮಾರಿದವರು 268 ಎಂದರು. ಕ್ರ್ಯಾಂಕ್‌ಕೇಸಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಹುಡುಕಿದರೆ ಯಾವ ಪಟ್ಟಿಯಲ್ಲೂ ಸಿಗುತ್ತಿಲ್ಲ. ಇದು ಯಾವ ಮಾದರಿ?

ಉತ್ತರ: ಇಬ್ಬರೂ ಸರಿಯಿರಬಹುದು, ಇಬ್ಬರೂ ತಪ್ಪಿರಲೂಬಹುದು. 61, 266, 268, 272 ಇವು ಒಂದೇ ಮನೆತನದ ಯಂತ್ರಗಳು. ಸ್ಟ್ರೋಕ್ ಎಲ್ಲಕ್ಕೂ 34 ಮಿ.ಮೀ. ಬೋರ್ ಮಾತ್ರ 61ಕ್ಕೆ 48, 266 ಮತ್ತು 268ಕ್ಕೆ 50, 272ಕ್ಕೆ 52 ಮಿ.ಮೀ. ಲೆಕ್ಕ ಹಾಕಿದರೆ ಕ್ರಮವಾಗಿ ಸುಮಾರು 61.5, 66.8 ಮತ್ತು 72.2 ಸಿ.ಸಿ. ಬರುತ್ತದೆ. 61ರ ಒಡಲಿಗೆ 272ರ ಸಿಲಿಂಡರ್ ಕೂರಿಸುವುದು ಬಹುಕಾಲದಿಂದ ನಡೆದು ಬಂದಿರುವ ಪರಿಪಾಠ. ಮುಚ್ಚಳವನ್ನಂತೂ ಎರಡು ನಿಮಿಷದಲ್ಲಿ ಬದಲಿಸಬಹುದು. ಹಾಗಾಗಿ ಸಿಲಿಂಡರ್ ಬಿಚ್ಚಿ ಬೋರನ್ನು ಅಳೆಯಿರಿ. 48, 50, 52ರಲ್ಲಿ ಯಾವುದು ಬರುತ್ತದೆಯೋ ಪಿಸ್ಟನ್, ರಿಂಗುಗಳ ಮಟ್ಟಿಗೆ ನಿಮ್ಮ ಯಂತ್ರ ಅದೇ. ಪಿಸ್ಟನ್ನಿನ ಅಂಚನ್ನು ಅಳೆದು ತೀರ್ಮಾನಿಸಬೇಡಿ. ಪಿಸ್ಟನ್ ಬೋರಿಗಿಂತ ತುಸು ಸಣ್ಣದಿರುತ್ತದೆ, ಸವೆದಿದ್ದರೆ ಇನ್ನೂ ಸಣ್ಣದು. ಸಿಲಿಂಡರ್ ಬಿಚ್ಚದೆ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕಡ್ಡಿ ಇಳಿಸಿ ಸ್ಟ್ರೋಕ್ ಅಳೆಯುವವರಿದ್ದಾರೆ, ಆದರೆ ತೂತು ಓರೆಯಾಗಿದ್ದರೆ ಆ ಅಳತೆ ನಂಬಿಕೆಗೆ ಅರ್ಹವಲ್ಲ. ನಿಮ್ಮ ಪ್ರಕರಣದಲ್ಲಂತೂ ಸ್ಟ್ರೋಕ್ ಎಲ್ಲಕ್ಕೂ ಒಂದೇ ಆದ್ದರಿಂದ ಆ ಶ್ರಮ ವ್ಯರ್ಥ.

ಕ್ರ್ಯಾಂಕ್‌ಕೇಸಿನ ಮೇಲಿನ ಸಂಖ್ಯೆ ಪಟ್ಟಿಯಲ್ಲಿ ಸಿಗದಿರುವುದು ಸಹಜ. ಎರಕದಲ್ಲಿ ಮೂಡಿರುವುದು ಬಹುಪಾಲು ಅಚ್ಚಿನ ಸಂಖ್ಯೆ. ಅದು ಅಂಗಡಿಯಲ್ಲಿ ಕೇಳಬೇಕಾದ ಬಿಡಿಭಾಗದ ಸಂಖ್ಯೆಯೇ ಆಗಿರಬೇಕೆಂದಿಲ್ಲ. ಒಂದೇ ಎರಕವನ್ನು ಕೊರೆದು, ಸ್ಕ್ರೂಗಳಿಗೆ ಥ್ರೆಡ್ ಹಾಕಿ, ಬೇರಿಂಗ್ ಕೂರಿಸಿ ಎರಡು ಮೂರು ಬೇರೆ ಬೇರೆ ಬಿಡಿಭಾಗಗಳನ್ನಾಗಿ ಮಾಡುವುದುಂಟು. ಹೀಗಿದ್ದರೂ ಎರಕದ ಗುರುತುಗಳನ್ನು ಕಡೆಗಣಿಸಬೇಡಿ. ಪ್ಲಾಸ್ಟಿಕ್ ಮತ್ತು ಮೆಗ್ನೀಸಿಯಂ ಭಾಗಗಳ ಒಳಮೈಯಲ್ಲಿ ಗಡಿಯಾರದಂತಹ ಪುಟ್ಟ ವೃತ್ತವಿದ್ದರೆ, ಸುತ್ತಲಿನ ಅಂಕೆಗಳು ತಿಂಗಳನ್ನೂ ನಡುವಿನ ಎರಡು ಅಂಕೆಗಳು ವರ್ಷವನ್ನೂ ತೋರಿಸುತ್ತವೆ. ಟ್ಯಾಂಕಿನಲ್ಲಿ ಒಂದು ವರ್ಷ, ಸ್ಟಾರ್ಟರ್ ಮುಚ್ಚಳದಲ್ಲಿ ಅದಕ್ಕಿಂತ ಏಳೆಂಟು ವರ್ಷ ಈಚಿನದು ಕಂಡರೆ, ಎರಡು ಯಂತ್ರ ಸೇರಿ ಒಂದಾಗಿರುವುದು ನಿಮಗೆ ತಿಳಿದಂತಾಯಿತು.

ಒಡಲಿನ ಭಾಗಗಳು ಬೇಕಾದಾಗ, ಅಂದರೆ ಹಿಡಿಕೆ, ಟ್ಯಾಂಕ್, ಮುಚ್ಚಳ, ಕ್ಲಚ್ ಕವರ್ ಇಂಥವು, ಬಿಡಿಬಿಡಿಯಾಗಿ ಹುಡುಕುವುದಕ್ಕಿಂತ ಕೆಟ್ಟುನಿಂತ ಅದೇ ಮನೆತನದ ಇಡೀ ಯಂತ್ರವನ್ನು ಕೊಳ್ಳುವುದು ಲೇಸು. ಸ್ಕ್ರೂಗಳು, ಸ್ಪ್ರಿಂಗುಗಳು, ಲಿಂಕುಗಳು ಇಂಥ ಯಾರೂ ಪ್ರತ್ಯೇಕವಾಗಿ ಮಾರದ ಸಣ್ಣ ವಸ್ತುಗಳೂ ಅದರೊಂದಿಗೆ ಬರುತ್ತವೆ. ಫ್ಲೈವೀಲ್ ಮತ್ತು ಇಗ್ನಿಷನ್ ಕಾಯಿಲನ್ನು ಮಾತ್ರ ಜೋಡಿಯಾಗಿಯೇ ತೆಗೆದುಕೊಳ್ಳಿ. ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ವಿದ್ಯುತ್ ಸಂಪರ್ಕ) ಇರುವ ಇಗ್ನಿಷನ್ನಿನ ಫ್ಲೈವೀಲಿನಲ್ಲಿ ಅಯಸ್ಕಾಂತ ಮತ್ತು ಕೀಲಿ ಕೂರುವ ತೋಡಿನ ಸ್ಥಾನ, ಎಲೆಕ್ಟ್ರಾನಿಕ್ ಇಗ್ನಿಷನ್ನಿನದಕ್ಕಿಂತ ಭಿನ್ನವಾಗಿರಬಹುದು. ಬೆರೆಸಿದರೆ ಕಿಡಿ ಬಂದರೂ ಸರಿಯಾದ ಕ್ಷಣದಲ್ಲಿ ಬರುವುದಿಲ್ಲ.

ಅಮೆರಿಕದ ಹೋಮ್‌ಲೈಟ್, ಮೆಕಲಕ್ ಮುಂತಾದ ಹಳೆಯ ಯಂತ್ರಗಳೂ ನಿಮ್ಮ ಬಳಿ ಇದ್ದರೆ ಸ್ಕ್ರೂಗಳ ಡಬ್ಬಿಯನ್ನು ಬೇರೆಯೇ ಇಡಿ. ಅವುಗಳಲ್ಲಿ ಬರುವ 10-24 ಸ್ಕ್ರೂವಿನ ಹೊರವ್ಯಾಸ 4.83 ಮಿ.ಮೀ.; ಕಣ್ಣಿಗೆ ಅದು 5 ಮಿ.ಮೀ. ಮೆಟ್ರಿಕ್ ಸ್ಕ್ರೂವಿನಂತೆಯೇ ಕಾಣುತ್ತದೆ. ಆದರೆ ಥ್ರೆಡ್ಡುಗಳ ಅಂತರ ಒಂದರಲ್ಲಿ ಸುಮಾರು 1.06 ಮಿ.ಮೀ., ಇನ್ನೊಂದರಲ್ಲಿ 0.8 ಮಿ.ಮೀ. ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾದಾಗ, ತುಕ್ಕೆಂದು ಭಾವಿಸಿ ಒತ್ತಿ ತಿರುಗಿಸಿದರೆ ಮೆಗ್ನೀಸಿಯಂ ಥ್ರೆಡ್ ಪುಡಿಯಾಗಿ ಕೈಗೆ ಬರುತ್ತದೆ. ಹೋಮ್‌ಲೈಟ್ ಯಂತ್ರವಾದರೆ ಫಲಕದಲ್ಲಿ ‘ಯುಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯನ್ನು ಹುಡುಕಿ. ಬಿಡಿಭಾಗಗಳ ಸಚಿತ್ರ ಪಟ್ಟಿಯನ್ನು ಆರಿಸುವುದು ಅದರ ಆಧಾರದಿಂದಲೇ.

ಪ್ರಶ್ನೆ: ಹಳೆಯ ಅಂಗಡಿಯೊಂದರಲ್ಲಿ ಮೂವತ್ತು ವರ್ಷದಿಂದ ತೆರೆಯದೆ ಉಳಿದಿದ್ದ ಕಂಪನಿಯ ಆಯಿಲ್ ಸೀಲ್, ಬೇರಿಂಗ್ ಮತ್ತು ಕಾರ್ಬೊರೇಟರ್ ಕಿಟ್ ಸಿಕ್ಕಿವೆ. ಹೊಸ ನಕಲಿಗಿಂತ ಇವೇ ಉತ್ತಮವಲ್ಲವೇ?

ಉತ್ತರ: ಲೋಹವಾದರೆ ಹೌದು, ರಬ್ಬರಾದರೆ ಅಲ್ಲ. ಪೊಟ್ಟಣದೊಳಗೇ ರಬ್ಬರ್ ಮುದಿಯಾಗುತ್ತದೆ. ಸೀಲಿನ ತುಟಿಯನ್ನು ಉಗುರಿನಿಂದ ಮಡಚಿ ನೋಡಿ. ಮೃದುವಾಗಿ ಹಿಂದಿರುಗದೆ ಮಡಿಕೆಯ ಗುರುತು ಉಳಿದರೆ ಅದು ಅಳತೆಯ ಮಾದರಿಯಾಗಷ್ಟೇ ಉಪಯುಕ್ತ. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆಗಳು ಸಾಮಾನ್ಯವಾಗಿ ಸೀಲಿನ ಮೇಲೆಯೇ ಇರುತ್ತವೆ, ಇಲ್ಲದಿದ್ದರೆ ಕ್ಯಾಲಿಪರ್ ಇದೆ. ಅದೇ ಅಳತೆಯ ಹೊಸ ಸೀಲನ್ನು, ಸಾಧ್ಯವಾದರೆ ಎಥನಾಲ್ ಬೆರೆತ ಪೆಟ್ರೋಲನ್ನು ಚೆನ್ನಾಗಿ ತಾಳಿಕೊಳ್ಳುವ ವೈಟಾನ್ ಬಗೆಯದನ್ನು, ಸೀಲು-ಬೇರಿಂಗ್ ಮಾರುವವರಲ್ಲೇ ಕೊಳ್ಳಿ. ಸ್ಟಿಲ್ ಪಟ್ಟಿಯಲ್ಲಿ ಸಂಖ್ಯೆ 9640 ಎಂದು ಆರಂಭವಾದರೆ ಆಯಿಲ್ ಸೀಲ್, 9503 ಎಂದರೆ ಬಾಲ್ ಬೇರಿಂಗ್, 9022 ಎಂದರೆ ಸ್ಕ್ರೂ. ಇವು ಯಾವ ಒಂದು ಮಾದರಿಗೂ ಮೀಸಲಾದವಲ್ಲ.

ಬೇರಿಂಗ್ ಹಳೆಯದಾದರೂ ತುಕ್ಕಿಲ್ಲದಿದ್ದರೆ ಬಳಸಬಹುದು, ಗಟ್ಟಿಯಾದ ಗ್ರೀಸನ್ನು ತೊಳೆದು ಎಣ್ಣೆ ಹಚ್ಚಿದರಾಯಿತು. ಹೊಸದನ್ನು ಕೊಳ್ಳುವುದಾದರೆ ಮೇಲಿನ ಸಂಖ್ಯೆ ಸಾಕು: 6202 ಎಂದರೆ ಎಲ್ಲಿ ಕೊಂಡರೂ 15 ಮಿ.ಮೀ. ಒಳವ್ಯಾಸ, 35 ಮಿ.ಮೀ. ಹೊರವ್ಯಾಸ, 11 ಮಿ.ಮೀ. ದಪ್ಪ. ಅದರ ಮುಂದೆ ‘ಸಿ3’ ಎಂದಿದ್ದರೆ ಅದನ್ನೂ ಬಿಡದೆ ಕೇಳಿ. ಬಿಸಿಯಾಗುವ ಯಂತ್ರಕ್ಕೆ ಒಳಗೆ ತುಸು ಹೆಚ್ಚು ಸಡಿಲವಿರುವ ಬೇರಿಂಗ್ ಬೇಕೆಂಬುದರ ಗುರುತು ಅದು.

ಕಾರ್ಬೊರೇಟರ್ ಕಿಟ್ಟನ್ನು ಗರಗಸದ ಹೆಸರು ಹೇಳಿ ಎಂದೂ ಕೊಳ್ಳಬಾರದು. ಒಂದೇ ಮಾದರಿಗೆ ಕಾಲಕಾಲಕ್ಕೆ ವಾಲ್‌ಬ್ರೋ, ಟಿಲ್ಲಾಟ್ಸನ್, ಝಾಮಾ ಹೀಗೆ ಬೇರೆ ಬೇರೆ ತಯಾರಕರ ಕಾರ್ಬೊರೇಟರುಗಳನ್ನು ಜೋಡಿಸಿರುವುದುಂಟು. ಕಾರ್ಬೊರೇಟರಿನ ಮೈಮೇಲೆ ಒತ್ತಿರುವ ಅಕ್ಷರ ಮತ್ತು ಸಂಖ್ಯೆಯನ್ನು ಓದಿ, ಅದಕ್ಕೆ ಆ ತಯಾರಕರು ಹೇಳುವ ಕಿಟ್ಟನ್ನೇ ತನ್ನಿ. ವಾಲ್‌ಬ್ರೋದಲ್ಲಿ ‘ಕೆ’, ಟಿಲ್ಲಾಟ್ಸನ್ನಿನಲ್ಲಿ ‘ಆರ್‌ಕೆ’, ಝಾಮಾದಲ್ಲಿ ‘ಆರ್‌ಬಿ’ ಎಂದು ಆರಂಭವಾಗುವುದು ಸೂಜಿ, ಲಿವರ್ ಸಹಿತ ಪೂರ್ಣ ಕಿಟ್. ‘ಡಿ’, ‘ಡಿಜಿ’, ‘ಜಿಎನ್‌ಡಿ’ ಎಂದಿದ್ದರೆ ಡಯಾಫ್ರಂ (ಬಾಗುವ ತೆಳು ಪರದೆ) ಮತ್ತು ಪ್ಯಾಕಿಂಗ್ ಮಾತ್ರ. ನಿಮ್ಮ ಹಳೆಯ ಕಿಟ್ಟಿನ ಸೂಜಿ, ಲಿವರ್, ಸ್ಪ್ರಿಂಗುಗಳನ್ನು ಎತ್ತಿಡಿ, ಡಯಾಫ್ರಂ ಹೊಸದಿರಲಿ. ಬಿಚ್ಚುವಾಗ ಪದರಗಳ ಕ್ರಮದ ಚಿತ್ರ ತೆಗೆದುಕೊಳ್ಳಿ: ಬಹುತೇಕ ಕಾರ್ಬೊರೇಟರುಗಳಲ್ಲಿ ಪಂಪ್ ಬದಿಯಲ್ಲಿ ಪ್ಯಾಕಿಂಗ್ ಮುಚ್ಚಳದ ಕಡೆಗೂ, ಇನ್ನೊಂದು ಬದಿಯಲ್ಲಿ ಕಾರ್ಬೊರೇಟರಿನ ಮೈ ಕಡೆಗೂ ಇರುತ್ತದೆ. ಇದು ಅದಲುಬದಲಾದರೆ ಹೊಸ ಕಿಟ್ ಹಾಕಿದರೂ ಯಂತ್ರ ಸರಿಯಾಗಿ ಓಡುವುದಿಲ್ಲ.

ಪ್ರಶ್ನೆ: ಹಳೆಯ ದೊಡ್ಡ ಗರಗಸಕ್ಕೆ ಹೊಸ ಚೈನ್ ಹಾಕಿದೆ. ಸ್ಪ್ರಾಕೆಟ್ (ಚೈನನ್ನು ಓಡಿಸುವ ಹಲ್ಲುಚಕ್ರ) ಮೇಲೆ ಹತ್ತಿ ಹತ್ತಿ ಜಿಗಿಯುತ್ತದೆ. ಏಕೆ?

ಉತ್ತರ: ಪಿಚ್ ತಪ್ಪಿರುವ ಸಾಧ್ಯತೆ ಹೆಚ್ಚು. ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಎರಡರಿಂದ ಭಾಗಿಸಿದರೆ ಬರುವುದೇ ಪಿಚ್. ⅜ ಅಂಗುಲದ ಚೈನಿನಲ್ಲಿ ಆ ಮೂರು ರಿವೆಟ್ಟುಗಳ ಅಂತರ 19.05 ಮಿ.ಮೀ.; ಹಳೆಯ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿದ್ದ 0.404 ಅಂಗುಲದ ಚೈನಿನಲ್ಲಿ ಸುಮಾರು 20.5 ಮಿ.ಮೀ. ಒಂದೂವರೆ ಮಿಲಿಮೀಟರಿನ ಭೇದ ಕಣ್ಣಿಗೆ ಕಾಣದು, ಸ್ಪ್ರಾಕೆಟಿಗೆ ಗೊತ್ತಾಗುತ್ತದೆ. ಹಳೆಯ ಚೈನನ್ನು ಎಸೆದಿರದಿದ್ದರೆ ಅದನ್ನೇ ಅಳೆಯಿರಿ. ಬಾರಿನ (ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿಯ) ತುದಿಯಲ್ಲಿ ಚಕ್ರವಿದ್ದರೆ ಅದೂ ಅದೇ ಪಿಚ್ಚಿನದಾಗಿರಬೇಕು, ಮತ್ತು ಚೈನಿನ ಡ್ರೈವ್ ಲಿಂಕಿನ (ಬಾರಿನೊಳಗೆ ಇಳಿಯುವ ಕೊಂಡಿಯ) ದಪ್ಪ ಬಾರಿನ ಅಂಚಿನ ತೋಡಿಗೆ ಹೊಂದಬೇಕು: 1.3, 1.5, 1.6 ಮಿ.ಮೀ. ಇವು ಸಾಮಾನ್ಯ ಅಳತೆಗಳು. 1.6ರ ತೋಡಿನಲ್ಲಿ 1.3ರ ಚೈನ್ ಓಡುತ್ತದೆ, ಆದರೆ ವಾಲಿಕೊಂಡು ಓಡುತ್ತದೆ, ಕೊಯ್ತವೂ ಓರೆಯಾಗುತ್ತದೆ.