ಡಬ್ಬಿಯ ಮೇಲಿನ ಬಣ್ಣ ಯಾರ ಲೆಕ್ಕ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಔಷಧಿ ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ ಗುರುತು ಇಲಿ ಸತ್ತ ಲೆಕ್ಕ ಅಂತಾಳೆ ಮಗಳು. ನಿಜವಾ? ನೀಲಿ ಇದ್ದರೆ ಬರಿಗೈಲಿ ಕಲಸಬಹುದು ಅಂತ ನಮ್ಮ ಕೊನೆಗಾರ ವಾದ ಮಾಡ್ತಾನೆ.

ಉತ್ತರ: ಮಗಳು ಹೇಳಿದ್ದು ಸರಿ. ಕೊನೆಗಾರನ ಮಾತು ಕೇಳಬೇಡಿ.

ಓರೆಯಾಗಿ ನಿಂತ ಚೌಕದ ಕೆಳಗಿನ ಅರ್ಧ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅಲ್ಲಿ ಬಣ್ಣ ಇರಲೇಬೇಕು. ಬಾಯಿ ಮೂಲಕ ಎಷ್ಟು ಕೊಟ್ಟರೆ ಅರ್ಧದಷ್ಟು ಪ್ರಾಣಿಗಳು ಸಾಯುತ್ತವೆ ಅನ್ನುವ ಅಳತೆಗೆ ಎಲ್‌ಡಿ 50 ಅಂತಾರೆ. ಪ್ರಾಣಿಯ ತೂಕದ ಒಂದು ಕಿಲೋಗೆ 50 ಮಿಲಿಗ್ರಾಂ ಒಳಗಿದ್ದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮದ ಮೂಲಕ ಹೋಗುವ ವಿಷಕ್ಕೆ ಬೇರೆ ಮಿತಿಗಳಿವೆ. ಅಂದ ಹಾಗೆ, ಈ ಅಳತೆಯನ್ನು 1927ರಲ್ಲಿ ತಂದ ಇಂಗ್ಲೆಂಡಿನ ವಿಜ್ಞಾನಿ ಟ್ರೆವನ್‌ಗೆ ಬೇಕಿದ್ದದ್ದು ಇನ್ಸುಲಿನ್‌ನಂಥ ಮದ್ದಿನ ಶಕ್ತಿ ಅಳೆಯುವ ದಾರಿ. ತೋಟದ ಔಷಧಿ ಅವರ ತಲೆಯಲ್ಲೇ ಇರಲಿಲ್ಲ.

ವೆಟರ್ನರಿ ಓದಿದ ಮೇಲೆ ನಾನು ಸ್ವಲ್ಪ ಕಾಲ ಈ ಅಳತೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೆ. ರಾತ್ರಿ ಇಲಿಗೆ ಆಹಾರ ಕೊಡೋದಿಲ್ಲ. ಬೆಳಿಗ್ಗೆ ತೂಕ ನೋಡಿ, ನಳಿಕೆಯಿಂದ ಹೊಟ್ಟೆಗೇ ಔಷಧಿ ಬಿಡ್ತಾರೆ. ಆಮೇಲೆ 14 ದಿನ ಕಾಯಬೇಕು. ಕೂದಲು ಕೆದರುತ್ತೆ, ಬೆನ್ನು ಗೂನಾಗುತ್ತೆ. ಕಣ್ಣು, ಮೂಗಿನ ಸುತ್ತ ಕೆಂಪು ಕಟ್ಟುತ್ತೆ. ಹೊಸಬರು ರಕ್ತ ಅಂತ ಗಾಬರಿ ಬೀಳ್ತಾರೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಬಣ್ಣ. ಇಲಿಗೆ ಸಂಕಟವಾದಾಗ ಜಾಸ್ತಿ. ಇಷ್ಟನ್ನೂ ಬರೆದಿಡ್ತೇವೆ. ಡಬ್ಬಿಗೆ ಬಂದು ಸೇರೋದು ಬಣ್ಣ ಮಾತ್ರ!

ಇಲಿಗೆ ಆದದ್ದೇ ನಮಗೂ ಆಗುತ್ತೆ ಅನ್ನೋ ಹಾಗೂ ಇಲ್ಲ. ಡಯಾಕ್ಸಿನ್ ಅನ್ನುವ ವಿಷ ಗಿನಿಪಿಗ್‌ಗೆ ಕಿಲೋಗೆ ಸುಮಾರು 1 ಮೈಕ್ರೋಗ್ರಾಂ ಸಾಕು. ಹ್ಯಾಮ್‌ಸ್ಟರ್‌ಗೆ ಸಾವಿರಕ್ಕೂ ಹೆಚ್ಚು ಬೇಕು. ಎರಡೂ ಇಲಿಯ ದೂರದ ನೆಂಟರೇ.

ಇನ್ನು ನಿಮ್ಮ ಕೊನೆಗಾರ. ಆ ಬಣ್ಣ ಹೇಳೋದು ಒಂದು ಸಲಕ್ಕೆ ಮೈಗೆ ಸೇರಿದ ವಿಷದ ಮಾತು. ಸೀಸನ್ನಿಡೀ ಸಾಂದ್ರ ಔಷಧಿ ಕಲಸುವ ಕೈ ಆ ಲೆಕ್ಕದಲ್ಲಿಲ್ಲ. ಉದ್ದ ದೋಟಿ ಹಿಡಿದು ನೆಲದಿಂದಲೇ ಹೊಡೆಯುವಾಗ ಮೇಲೆ ನೋಡಲೇಬೇಕು, ತೊಟ್ಟಿಕ್ಕೋದು ಮುಖದ ಮೇಲೇ. ಮೈಲುತುತ್ತದ ನೀರು ಕಣ್ಣಿಗೆ ತುಂಬಾ ಕೆಟ್ಟದು. ರಬ್ಬರ್ ಗ್ಲೌಸ್, ಕನ್ನಡಕ, ತುಂಬುತೋಳಿನ ಅಂಗಿ ಕೊಡಿಸಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಹರಿಸಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಸಾರ್, ಇದಕ್ಕೆಲ್ಲ ಪ್ರಾಣಿಗಳನ್ನು ಕೊಲ್ಲಲೇಬೇಕಾ? (ಸಾಗರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಮೊದಲಿನಷ್ಟು ಬೇಡಮ್ಮ. ಹೆಚ್ಚು ಇಲಿ ಬೇಡುತ್ತಿದ್ದ ಹಳೇ ವಿಧಾನವನ್ನು, ಇಂಥ ಪರೀಕ್ಷೆಗಳ ಕ್ರಮ ಗೊತ್ತುಮಾಡುವ ದೇಶಗಳ ಕೂಟ ಒಇಸಿಡಿ 2002ರಲ್ಲೇ ಕೈಬಿಟ್ಟಿತು. ಈಗಿನ ಒಂದು ವಿಧಾನದಲ್ಲಿ ಹಂತಕ್ಕೆ 3 ಇಲಿ, ಸಾಮಾನ್ಯವಾಗಿ ಹೆಣ್ಣಿಲಿ. ಕಣ್ಣಿಗೆ ಬಿದ್ದರೆ ಎಷ್ಟು ಕೆಡುಕು ಅಂತ ನೋಡುವ ಪರೀಕ್ಷೆಗೆ 1944ರಿಂದ ಮೊಲ ಬಳಸುತ್ತಿದ್ದರು. ಈಗ ಬಹಳಷ್ಟು ಕಡೆ ಕಸಾಯಿಖಾನೆಯಿಂದ ತಂದ ಕೋಳಿಯ ಕಣ್ಣಲ್ಲೇ ಮೊದಲು ನೋಡಬಹುದು. ಇಡೀ ದೇಹಕ್ಕೆ ಏನಾಗುತ್ತೆ ಅನ್ನೋದಕ್ಕೆ ಮಾತ್ರ ಪೂರ್ತಿ ಬದಲಿ ಇನ್ನೂ ಸಿಕ್ಕಿಲ್ಲ.